ಹೆಗಲ ಮೇಲೆ ಬಂದ ಹಡಗುಗಳು



ಹಡಗು ಎಂದರೆ ನೀರಿನ ಮೇಲೆ ಹೋಗುವ ವಸ್ತು. ಆದರೆ 1521ರ ಫೆಬ್ರವರಿಯಲ್ಲಿ, ಮೆಕ್ಸಿಕೋದ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ 2 ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ 13 ಹಡಗುಗಳು ಬೆಟ್ಟದ ದಾರಿ ಹಿಡಿದು ಹೋದವು. ಇಡಿಯಾಗಿ ಅಲ್ಲ, ಬಿಡಿಬಿಡಿಯಾಗಿ. ಹಲಗೆಗಳು, ಪಕ್ಕೆಮರಗಳು, ಹುಟ್ಟುಗಳು, ಹಾಯಿ ಕಟ್ಟುವ ಕಂಬಗಳು, ಎಲ್ಲವೂ 8 ಸಾವಿರ ಜನರ ಹೆಗಲನ್ನೇರಿದ್ದವು. ಸಾಲು ಎಷ್ಟು ಉದ್ದವಿತ್ತೆಂದರೆ, ಮೊದಲ ಹೊರೆಯಾಳು ಊರು ಸೇರಿದ ಮೇಲೆ ಕೊನೆಯವನು ಬಂದು ಮುಟ್ಟಲು ಆರು ಗಂಟೆಗೂ ಹೆಚ್ಚು ಹಿಡಿಯಿತೆಂದು ಅದನ್ನು ಕಣ್ಣಾರೆ ಕಂಡ ಸೇನಾಪತಿಯೇ ತನ್ನ ದೊರೆಗೆ ಬರೆದಿದ್ದಾನೆ.

ಆ ಸೇನಾಪತಿ ಸ್ಪೇನಿನ ಹೆರ್ನಾನ್ ಕೊರ್ತೆಸ್. ಹಡಗುಗಳು ಹೊರಟಿದ್ದದ್ದು ಆಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನನ್ನು ಮುತ್ತಲು. ಹೊತ್ತವರು ಮಾತ್ರ ಸ್ಪೇನಿನವರಲ್ಲ, ಅದೇ ನೆಲದ ಜನ.

ಆಜ್ಟೆಕ್ ಸಾಮ್ರಾಜ್ಯ ಬಿದ್ದ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಎಲ್ಲರಿಗೂ ಗೊತ್ತು. ಕೆಲವು ನೂರು ಬಿಳಿಯರು, ಒಂದಿಷ್ಟು ಕುದುರೆ, ಕೋವಿ, ಉಕ್ಕಿನ ಕತ್ತಿ. ಎದುರಿಗೆ ಬೆಪ್ಪಾಗಿ ನಿಂತ ಲಕ್ಷಾಂತರ ಜನ. ಹಡಗಿನ ಪಾತ್ರವೂ ಈ ಕಥೆಯಲ್ಲಿ ಅಟ್ಲಾಂಟಿಕ್ ದಾಟಿಸಿದಲ್ಲಿಗೆ ಮುಗಿದುಬಿಡುತ್ತದೆ. ಆದರೆ ದಾಖಲೆಗಳನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಯುದ್ಧವನ್ನು ನಿರ್ಧರಿಸಿದ ಹಡಗುಗಳು ಸಾಗರ ದಾಟಿ ಬಂದವಲ್ಲ. ಅವು ಮೆಕ್ಸಿಕೋದ ಕಾಡಿನಲ್ಲಿ ಬೆಳೆದ ಮರದಿಂದ, ಮೆಕ್ಸಿಕೋದವರ ದುಡಿಮೆಯಿಂದ, ಒಂದು ಕೆರೆಗಾಗಿಯೇ ಹುಟ್ಟಿದವು.

ಮೊದಲಿಗೆ ಸಾಗರದ ಹಡಗುಗಳ ಮಾತು. 1517ರಲ್ಲಿ ಮತ್ತು 1518ರಲ್ಲಿ ಕ್ಯೂಬಾ ದ್ವೀಪದಿಂದ ಎರಡು ಸ್ಪ್ಯಾನಿಷ್ ತಂಡಗಳು ಮೆಕ್ಸಿಕೋ ಕರಾವಳಿಗೆ ಹೋಗಿ ಬಂದವು. ಚಿನ್ನದ ವಾಸನೆ ಹತ್ತಿದ ಮೇಲೆ ಕ್ಯೂಬಾದ ಗವರ್ನರ್ ದಿಯೇಗೊ ವೆಲಾಸ್ಕೆಸ್ ಮೂರನೆಯ ತಂಡಕ್ಕೆ ಕೊರ್ತೆಸನನ್ನು ನಾಯಕನಾಗಿ ಆರಿಸಿದ. ಆಮೇಲೆ ಅವನ ಮೇಲೆ ಅನುಮಾನ ಬಂದು ನೇಮಕವನ್ನು ಹಿಂತೆಗೆದುಕೊಳ್ಳಲು ಯತ್ನಿಸಿದ. ಆದರೆ ಕೊರ್ತೆಸ್ ಕಾಯಲಿಲ್ಲ. 1519ರ ಫೆಬ್ರವರಿಯಲ್ಲಿ 11 ಹಡಗು, 500ಕ್ಕೂ ಹೆಚ್ಚು ಸೈನಿಕರು, ಸುಮಾರು 100 ನಾವಿಕರು ಮತ್ತು 16 ಕುದುರೆಗಳೊಂದಿಗೆ ಹೊರಟೇಬಿಟ್ಟ. ಏಪ್ರಿಲ್‌ನಲ್ಲಿ ಇಂದಿನ ವೆರಾಕ್ರೂಸ್ ಬಳಿ ಲಂಗರು ಹಾಕಿದ.

ಈ ಹಡಗುಗಳ ಸುದ್ದಿ ಒಳನಾಡಿನಲ್ಲಿದ್ದ ಚಕ್ರವರ್ತಿ ಮೊಕ್ತೆಜುಮನಿಗೆ ಬೇಗನೇ ಮುಟ್ಟಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಮೊಂಟೆಜುಮ ಎಂದು ಬರುವವನು ಇವನೇ. ಬಂದವರ ಹಡಗು, ಕುದುರೆ, ತೋಪುಗಳನ್ನು ಬಟ್ಟೆಯ ಮೇಲೆ ಬರೆದು ತರಲು ಅವನ ಅಧಿಕಾರಿಗಳು ಚಿತ್ರಕಾರರನ್ನೇ ಕರೆತಂದಿದ್ದರು. ಬೆಪ್ಪಾಗಿ ನಿಂತವರು ಮಾಡುವ ಕೆಲಸವಲ್ಲ ಇದು, ಬೇಹುಗಾರಿಕೆ. ಆಜ್ಟೆಕರ ನವಾತ್ಲ್ ಭಾಷೆಯಲ್ಲಿ ದೋಣಿಗೆ ‘ಅಕಾಲಿ’ ಎನ್ನುತ್ತಾರೆ. ‘ನೀರಮನೆ’ ಎಂದು ಅದರ ಅರ್ಥ. ಸ್ಪೇನಿನ ಹಡಗಿಗೂ ಅದೇ ಪದ ಅಂಟಿಕೊಂಡಿತು.

ಇನ್ನು ‘ಹಡಗು ಸುಟ್ಟ’ ಪ್ರಸಂಗ. ಹಿಂತಿರುಗುವ ಆಸೆಯೇ ಉಳಿಯಬಾರದೆಂದು ಕೊರ್ತೆಸ್ ತನ್ನ ಹಡಗುಗಳಿಗೆ ಬೆಂಕಿ ಹಚ್ಚಿದ ಎಂಬ ಕಥೆ ಲೋಕಪ್ರಸಿದ್ಧ. ಭಾಷಣಕಾರರಿಗೆ ಬಲು ಪ್ರಿಯ. ಆದರೆ ಅವನು ಸುಡಲಿಲ್ಲ. 1519ರ ಬೇಸಿಗೆಯಲ್ಲಿ ಒಂದು ಹಡಗನ್ನು ದೊರೆಗೆ ಚಿನ್ನದ ಕಾಣಿಕೆಯೊಂದಿಗೆ ಸ್ಪೇನಿಗೆ ಕಳಿಸಿ, ಉಳಿದವು ಹುಳ ತಿಂದು ಪ್ರಯಾಣಕ್ಕೆ ಲಾಯಕ್ಕಿಲ್ಲ ಎಂಬ ನೆಪ ಹೇಳಿ, ಅವನ್ನು ದಡಕ್ಕೆ ನುಗ್ಗಿಸಿ ಕೆಡಿಸಿದ. ವೆಲಾಸ್ಕೆಸನ ಕಡೆಯವರು ಕದ್ದು ಕ್ಯೂಬಾಕ್ಕೆ ಓಡಬಾರದೆಂಬುದು ಅವನ ಲೆಕ್ಕ. ಬೆಂಕಿ ಕಥೆಗೆ ಸೇರಿದ್ದು ಆಮೇಲೆ.

ಸುಡುವುದಕ್ಕೂ ದಡ ಹತ್ತಿಸುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ಇಡೀ ಯುದ್ಧದ ವ್ಯತ್ಯಾಸ! ಕೆಡಿಸುವ ಮುನ್ನ ಹಾಯಿ, ಹಗ್ಗ, ಲಂಗರು, ಕಬ್ಬಿಣದ ಸಾಮಾನು ಎಲ್ಲವನ್ನೂ ಬಿಚ್ಚಿ ವೆರಾಕ್ರೂಸಿನಲ್ಲಿ ಜೋಪಾನವಾಗಿ ಇಡಲಾಯಿತು. ಕೆಲಸ ಕಳೆದುಕೊಂಡ ನಾವಿಕರು ಕಾಲಾಳುಗಳಾಗಿ ದಂಡು ಸೇರಿದರು. ಆಗ ಉಳಿಸಿದ ಈ ಸಾಮಾನೂ ಈ ನಾವಿಕರೂ ಎರಡು ವರ್ಷದ ನಂತರ ಮತ್ತೆ ಹಡಗಾದರು.

ಈಗ ತೆನೊಚ್ತಿತ್ಲಾನ್ ಪಟ್ಟಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತಲೂ ಬೆಟ್ಟ, ನಡುವೆ ವಿಶಾಲವಾದ, ಆದರೆ ಹೆಚ್ಚು ಆಳವಿಲ್ಲದ ತೆಸ್ಕೊಕೊ ಸರೋವರ. ಅದರೊಳಗಿನ ದ್ವೀಪದ ಮೇಲೆ ಊರು. ದಡದಿಂದ ಊರಿಗೆ ಕೆರೆಯ ಏರಿಯಂಥ ಉದ್ದನೆಯ ರಸ್ತೆಗಳು: ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು, ಉತ್ತರಕ್ಕೊಂದು. ಏರಿಗಳ ಮಧ್ಯೆ ಅಲ್ಲಲ್ಲಿ ನೀರು ಹರಿಯಲು, ದೋಣಿ ದಾಟಲು ಬಿಟ್ಟ ಕಂಡಿಗಳು. ಅವುಗಳ ಮೇಲೆ ತೆಗೆದಿಡಬಹುದಾದ ಮರದ ಸೇತುವೆಗಳು. ಊರೊಳಗೂ ಬೀದಿಗಿಂತ ಕಾಲುವೆಯೇ ಹೆಚ್ಚು. ಸರೋವರದ ನೀರು ಉಪ್ಪು, ಆದ್ದರಿಂದ ಕುಡಿಯುವ ನೀರು ಚಪುಲ್ತೆಪೆಕ್ ಬೆಟ್ಟದ ಬುಗ್ಗೆಯಿಂದ ಮೇಲ್ಗಾಲುವೆಯಲ್ಲಿ ಬರುತ್ತಿತ್ತು. ಜೋಳ, ಸೌದೆ, ಮೀನು, ಹೂವು, ಸಕಲವೂ ದೋಣಿಯ ಮೇಲೆ. ಊರಿನ ಜನಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ಸ್ಪೇನಿನ ಯಾವ ನಗರಕ್ಕಿಂತಲೂ ಅದು ದೊಡ್ಡದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ.

1519ರ ನವೆಂಬರ್ 8ರಂದು ಕೊರ್ತೆಸ್ ದಕ್ಷಿಣದ ಏರಿಯ ಮೇಲೆ ನಡೆದು ಊರು ಹೊಕ್ಕ. ಮೊಕ್ತೆಜುಮ ಅತಿಥಿಯಾಗಿ ಬರಮಾಡಿಕೊಂಡ. ಅತಿಥಿ ಕೆಲವೇ ದಿನದಲ್ಲಿ ಆತಿಥೇಯನನ್ನು ಸೆರೆಯಾಳಾಗಿಸಿದ. ಆದರೆ ಸೆರೆಯಾದವರು ಯಾರು ಎಂಬುದು ಸ್ವಲ್ಪ ಗೋಜಲಿನ ಸಂಗತಿ. ಸೇತುವೆ ಎತ್ತಿಬಿಟ್ಟರೆ ತಾವೆಲ್ಲ ಬೋನಿಗೆ ಬಿದ್ದ ಇಲಿಗಳು ಎಂದು ಸ್ಪೇನಿನವರಿಗೆ ಹೊಳೆಯಲು ತಡವಾಗಲಿಲ್ಲ. ತಕ್ಷಣ ಅವಸರದಿಂದ ನಾಲ್ಕು ಬ್ರಿಗಂಟೀನ್‌ಗಳನ್ನು ಕಟ್ಟಿಸಿದೆ ಎಂದು ಕೊರ್ತೆಸ್ ಬರೆಯುತ್ತಾನೆ. ಬ್ರಿಗಂಟೀನ್ ಎಂದರೆ ಹಾಯಿಯಿಂದಲೂ ಹುಟ್ಟಿನಿಂದಲೂ ಸಾಗಬಲ್ಲ ಸಣ್ಣ ಹಡಗು. ಕಟ್ಟಿದವನು ಸೆವಿಲ್ಲೆಯ ಕಡೆಯಿಂದ ಬಂದಿದ್ದ ಬಡಗಿ ಮಾರ್ತಿನ್ ಲೋಪೆಸ್. ಮರ ಕಡಿದು ಸಾಗಿಸಿದವರು ಮೊಕ್ತೆಜುಮನ ಆಳುಗಳು. ಹಡಗು ಸಿದ್ಧವಾದಾಗ ಸ್ವತಃ ಮೊಕ್ತೆಜುಮನನ್ನೇ ಕೂರಿಸಿಕೊಂಡು ಸರೋವರದ ಒಂದು ದ್ವೀಪಕ್ಕೆ ಬೇಟೆಗೆ ಹೋದರು. ಹಾಯಿಗೆ ಗಾಳಿ ತುಂಬಿದಾಗ ಹುಟ್ಟು ಹಾಕುತ್ತಿದ್ದ ಅರಮನೆಯ ದೋಣಿಗಳೆಲ್ಲ ಹಿಂದೆ ಬಿದ್ದವು. ಅರಸ ಸಂತೋಷಪಟ್ಟನಂತೆ. ಅಂದು ಅವನಿಗೆ ತೋರಿಸಿದ್ದು ಮೋಜನ್ನಲ್ಲ, ಅವನ ಊರಿನ ಉಸಿರು ಯಾರ ಕೈಯಲ್ಲಿದೆ ಎಂಬುದನ್ನು.

1520ರ ವಸಂತದಲ್ಲಿ ಕರಾವಳಿಗೆ ಇನ್ನೊಂದು ಹಡಗುಪಡೆ ಬಂತು. ಕೊರ್ತೆಸನನ್ನು ಹಿಡಿದು ತರಲು ವೆಲಾಸ್ಕೆಸ್ ಕಳಿಸಿದ ಪಾನ್ಫಿಲೊ ನಾರ್ವಾಯೆಸನ ಪಡೆ ಅದು. ಹಡಗುಗಳೇ 18ರಷ್ಟಿದ್ದವು. ಕೊರ್ತೆಸ್ ಊರನ್ನು ಪೆದ್ರೊ ಅಲ್ವರಾದೊನ ವಶಕ್ಕೆ ಬಿಟ್ಟು ಕರಾವಳಿಗೆ ಧಾವಿಸಿ, ಒಂದು ಮಳೆಯ ರಾತ್ರಿ ನಾರ್ವಾಯೆಸನ ಮೇಲೆ ಬಿದ್ದು ಅವನನ್ನು ಸೆರೆಹಿಡಿದ. ಸೋತವನ ಸೈನಿಕರೂ ಕುದುರೆಗಳೂ ಗೆದ್ದವನ ಪಾಲಾದವು. ಆದರೆ ಆ ಹಡಗುಗಳಲ್ಲಿ ಯಾರ ಲೆಕ್ಕಕ್ಕೂ ಸಿಗದ ಒಂದು ಸರಕಿತ್ತು: ಸಿಡುಬು. ಆ ನೆಲದ ಜನಕ್ಕೆ ಅದರ ಪರಿಚಯವೇ ಇರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಅದು ರಾಜಧಾನಿ ಹೊಕ್ಕು ಮನೆಮನೆಯಲ್ಲಿ ಹೆಣ ಬೀಳಿಸಿತು. ಮೊಕ್ತೆಜುಮನ ನಂತರ ಪಟ್ಟಕ್ಕೆ ಬಂದ ಕುಯಿತ್ಲಾವಾಕ್ 80 ದಿನ ಆಳಿ ಅದಕ್ಕೇ ಬಲಿಯಾದ. ಹಡಗಿನ ಪಾತ್ರ ಎಂದಾಗ ತೋಪು, ಕುದುರೆಗಳ ಜೊತೆ ಇದನ್ನೂ ಬರೆದುಕೊಳ್ಳಬೇಕು.

ಕೊರ್ತೆಸ್ ಇಲ್ಲದ ಸಮಯದಲ್ಲಿ ಅಲ್ವರಾದೊ ಹಬ್ಬದ ಕುಣಿತದಲ್ಲಿದ್ದ ನಿರಾಯುಧ ಜನರ ಮೇಲೆ ಕತ್ತಿ ಬೀಸಿದ. ಊರು ಸಿಡಿದೆದ್ದಿತು. ಜನ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ ನಾಲ್ಕು ಹಡಗುಗಳನ್ನು ಸುಟ್ಟದ್ದು. ಕಥೆಗಳಲ್ಲಿ ಕೊರ್ತೆಸ್ ಸುಟ್ಟನೆನ್ನುವ ಹಡಗುಗಳನ್ನು ಯಾರೂ ಸುಡಲಿಲ್ಲ. ನಿಜವಾಗಿ ಉರಿದ ಹಡಗುಗಳಿಗೆ ಬೆಂಕಿಯಿಟ್ಟವರು ಆಜ್ಟೆಕರು. ಅವರಿಗೆ ತಮ್ಮ ಸರೋವರ ಗೊತ್ತಿತ್ತು.

ಅದರ ಫಲ 1520ರ ಜೂನ್ 30ರ ರಾತ್ರಿ ಕಂಡಿತು. ಅಷ್ಟರಲ್ಲಿ ಮೊಕ್ತೆಜುಮ ಸತ್ತಿದ್ದ. ಊರಿನೊಳಗೆ ಅನ್ನ ನೀರು ಮುಗಿದು ಸ್ಪೇನಿನವರು ಕದ್ದು ಹೊರಟರು, ಪಶ್ಚಿಮದ ಏರಿಯ ಮೇಲೆ. ಸೇತುವೆಗಳನ್ನು ತೆಗೆದಿದ್ದರಿಂದ ಹೊತ್ತೊಯ್ಯುವ ಒಂದು ಮರದ ಸೇತುವೆ ಮಾಡಿಕೊಂಡಿದ್ದರು. ಅದು ಮೊದಲ ಕಂಡಿಯಲ್ಲೇ ಕಚ್ಚಿಕೊಂಡಿತು. ಅಷ್ಟರಲ್ಲಿ ನಗಾರಿ ಮೊಳಗಿ ಏರಿಯ ಎರಡೂ ಬದಿಗೆ ದೋಣಿಗಳು ಮುಕುರಿದವು. ಮುಂದೆ ನೀರು, ಹಿಂದೆ ಶತ್ರು, ಎರಡೂ ಪಕ್ಕದಿಂದ ಬಾಣ, ಭರ್ಜಿ. ನೂರಾರು ಸ್ಪೇನಿನವರೂ ಅದಕ್ಕಿಂತ ಹೆಚ್ಚು ಅವರ ಸ್ಥಳೀಯ ಮಿತ್ರರೂ ಸತ್ತರು. ಜೇಬಿನಲ್ಲಿ ಚಿನ್ನ ತುಂಬಿಕೊಂಡವರು ಬೇಗ ಮುಳುಗಿದರು. ಸ್ಪೇನಿನವರು ಇದನ್ನು ‘ದುಃಖದ ರಾತ್ರಿ’ ಎಂದು ಕರೆದರು. ಯಾರಿಗೆ ದುಃಖ ಎಂಬುದು ಬೇರೆ ಮಾತು.

ಉಳಿದವರು ಕುಂಟುತ್ತ ತ್ಲಾಸ್ಕಾಲಾ ಸೇರಿದರು. ತ್ಲಾಸ್ಕಾಲಾ ಎಂದರೆ ಆಜ್ಟೆಕ್ ಸಾಮ್ರಾಜ್ಯದ ನಡುವೆ ಸ್ವತಂತ್ರವಾಗಿ ಉಳಿದಿದ್ದ ಒಂದು ರಾಜ್ಯ. ಸುತ್ತಲೂ ಶತ್ರುಗಳಿದ್ದುದರಿಂದ ಅಲ್ಲಿಯ ಜನಕ್ಕೆ ಉಪ್ಪೂ ಸಿಗುತ್ತಿರಲಿಲ್ಲ, ಹತ್ತಿಯೂ ಸಿಗುತ್ತಿರಲಿಲ್ಲ. 1519ರಲ್ಲಿ ಕೊರ್ತೆಸನೊಂದಿಗೆ ಮೊದಲು ಕಾದಾಡಿ, ಆಮೇಲೆ ಕೈಜೋಡಿಸಿದ್ದರು. ಈಗ ಸೋತು ಬಂದವರನ್ನು ಅಲ್ಲೇ ಮುಗಿಸಿಬಿಡಬಹುದಿತ್ತು. ಹಾಗೆ ಹೇಳಿದವರೂ ಅವರಲ್ಲಿದ್ದರು. ಆದರೆ ಹಿರಿಯರ ಸಭೆ ಆಶ್ರಯ ಕೊಟ್ಟಿತು. ಹಳೆಯ ಶತ್ರುವನ್ನು ಮುಗಿಸಲು ಈ ಹೊಸಬರು ಒಂದು ಆಯುಧ ಎಂದು ಅವರು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಯಾರು ಯಾರನ್ನು ಬಳಸಿಕೊಂಡರು ಎಂಬುದು ಆ ಹೊತ್ತಿನಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಸೋಲು ಕೊರ್ತೆಸನಿಗೆ ಒಂದು ಪಾಠ ಕಲಿಸಿತ್ತು. ಏರಿಯ ಮೇಲೆ ಹೋಗುವವನಿಗೆ ಎರಡೂ ಪಕ್ಕದ ನೀರು ತನ್ನದಾಗಿರಬೇಕು. ಮಾರ್ತಿನ್ ಲೋಪೆಸನಿಗೆ 13 ಬ್ರಿಗಂಟೀನ್‌ಗಳ ಕೆಲಸ ಒಪ್ಪಿಸಿದ. ಆದರೆ ಸರೋವರದ ದಡದಲ್ಲಿ ಕಟ್ಟಿದರೆ ಶತ್ರು ಸುಡುವುದು ಖಂಡಿತ. ಹಾಗಾಗಿ ಬೆಟ್ಟದಾಚೆ ತ್ಲಾಸ್ಕಾಲಾದಲ್ಲಿ ಭಾಗಗಳನ್ನು ಸಿದ್ಧಮಾಡುವುದು, ಆಮೇಲೆ ದಡಕ್ಕೆ ಹೊತ್ತು ತಂದು ಜೋಡಿಸುವುದು ಎಂದಾಯಿತು. ತ್ಲಾಸ್ಕಾಲಾದ ಬೆಟ್ಟದ ಓಕ್, ಪೈನ್ ಮರಗಳು ಉರುಳಿದವು. ಸಂದು ಮುಚ್ಚುವ ರಾಳವನ್ನು ಪೈನ್ ಕಾಡಿನಲ್ಲಿ ಕುದಿಸಿ ತೆಗೆದರು. ಹಾಯಿ, ಹಗ್ಗ, ಲಂಗರು, ಮೊಳೆಗಳು ವೆರಾಕ್ರೂಸಿನಿಂದ ಬಂದವು. ಅಂದು ದಡ ಹತ್ತಿಸಿದ ಹಡಗುಗಳಿಂದ ಬಿಚ್ಚಿಟ್ಟ ಅದೇ ಸಾಮಾನು. ಅವನ್ನು ಹೊತ್ತು ತಂದವರೂ ತ್ಲಾಸ್ಕಾಲಾದವರೇ. ಊರಿನ ಪಕ್ಕದ ಸಾವಾಪಾನ್ ಹೊಳೆಗೆ ಒಡ್ಡು ಕಟ್ಟಿ, ಹಡಗುಗಳನ್ನು ತೇಲಿಸಿ ಪರೀಕ್ಷೆ ಮಾಡಿ, ಮತ್ತೆ ಬಿಚ್ಚಿದರು.

ಒಂದು ಸಂಗತಿಯನ್ನು ಇಲ್ಲಿ ಮರೆಯಬಾರದು. ಆ ನೆಲದಲ್ಲಿ ಎತ್ತಿಲ್ಲ, ಕತ್ತೆಯಿಲ್ಲ, ಗಾಡಿಯಿಲ್ಲ. ಸಾಗಣೆ ಎಂದರೆ ಮನುಷ್ಯನ ಬೆನ್ನು. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊರೆ ಹೊರುವುದರಲ್ಲಿ ಪಳಗಿದ ಜನವರ್ಗವೇ ಅಲ್ಲಿತ್ತು. ಅವರಿಲ್ಲದೆ ಹೋಗಿದ್ದರೆ ಲೋಪೆಸನ ಹಡಗುಗಳು ಕಾಡಿನ ನಡುವೆ ಒಣಗುತ್ತ ಬಿದ್ದಿರುತ್ತಿದ್ದವು.

ಮೆರವಣಿಗೆ ಹೊರಟಿತು. ಹಲಗೆ ಹೊತ್ತವರು 8 ಸಾವಿರ, ಬುತ್ತಿ ಹೊತ್ತವರು 2 ಸಾವಿರ, ಮುಂದೆ ಹಿಂದೆ ಕಾವಲಿಗೆ ಸಾವಿರಾರು ತ್ಲಾಸ್ಕಾಲಾ ಯೋಧರು. ಕರೆತರಲು ಹೋದ ಗೊನ್ಸಾಲೊ ಸಾಂದೊವಾಲನ ಜೊತೆ ಇದ್ದ ಸ್ಪೇನಿನವರು ಕೆಲವು ನೂರು ಮಾತ್ರ. ದಾರಿ 18 ಲೀಗ್, ಅಂದರೆ ಹೆಚ್ಚುಕಡಿಮೆ 80 ಕಿಲೋಮೀಟರ್. ಚಿಚಿಮೆಕಾತೆಕುತ್ಲಿ ಎಂಬ ತ್ಲಾಸ್ಕಾಲಾದ ದಳಪತಿ ಹಲಗೆಗಳೊಂದಿಗೆ ಮುಂಚೂಣಿಯಲ್ಲಿದ್ದ. ಶತ್ರುಪ್ರದೇಶ ಬಂದಾಗ ಅವನನ್ನು ಹಿಂದಕ್ಕೆ ಹೋಗುವಂತೆ ಹೇಳಿದರು. ಆತ ಕೆರಳಿದ. ತಾನು ಯುದ್ಧದಲ್ಲಿ ಯಾವತ್ತೂ ಮುಂದೆಯೇ ಇದ್ದವನು ಎಂದ. ಅಪಾಯ ಇರುವುದು ಹಿಂಬದಿಯಲ್ಲೇ ಎಂದು ಸಮಾಧಾನ ಮಾಡಿದ ಮೇಲೆ ಒಪ್ಪಿದ. ಹಾಗಾದರೆ ಅಲ್ಲಿ ಸ್ಪೇನಿನವರು ಯಾರೂ ತನ್ನ ಜೊತೆ ಇರಕೂಡದು ಎಂಬ ಷರತ್ತು ಹಾಕಿ! ಇದನ್ನು ಬರೆದಿಟ್ಟವನೂ ಕೊರ್ತೆಸನೇ. ಕೂಲಿಯ ಮಾತಲ್ಲ ಇದು. ತನ್ನ ಯುದ್ಧಕ್ಕೆ ತಾನು ಹೊರಟವನ ಮಾತು. ತೆಸ್ಕೊಕೊ ಊರು ಸೇರುವಾಗ ಯೋಧರು ತಮ್ಮ ಒಳ್ಳೆಯ ಉಡುಪು ತೊಟ್ಟು, ಗರಿ ಸಿಕ್ಕಿಸಿಕೊಂಡು, ಕಹಳೆ ನಗಾರಿಗಳೊಂದಿಗೆ ಬಂದರು.

ತೆಸ್ಕೊಕೊ ಅದೇ ಹೆಸರಿನ ಸರೋವರದ ಪೂರ್ವ ಕಡೆಯ ಊರು. ಹಿಂದೆ ಆಜ್ಟೆಕರ ಮೈತ್ರಿಕೂಟದ ಮೂರು ಸ್ತಂಭಗಳಲ್ಲಿ ಒಂದು. ಪಟ್ಟದ ಜಗಳದಲ್ಲಿ ಅಸಮಾಧಾನಗೊಂಡಿದ್ದ ಅಲ್ಲಿಯ ರಾಜಕುಮಾರ ಇಶ್ತ್ಲಿಲ್‌ಶೋಚಿತ್ಲ್ ಈಗ ಸ್ಪೇನಿನವರ ಪಕ್ಷ ಸೇರಿದ್ದ. ಹಡಗು ಜೋಡಿಸುವ ಜಾಗ ನೀರಿನಿಂದ ಅರ್ಧ ಲೀಗ್ ದೂರ, ಅಂದರೆ 2 ಕಿಲೋಮೀಟರಿಗೂ ಹೆಚ್ಚು. ಅಷ್ಟುದ್ದಕ್ಕೂ ಕಾಲುವೆ ತೋಡಬೇಕಾಯಿತು: 12 ಅಡಿ ಆಳ, ಅಷ್ಟೇ ಅಗಲ. ದಿನಕ್ಕೆ 8 ಸಾವಿರ ಜನರಂತೆ 50 ದಿನ ದುಡಿದರೆಂದು ಕೊರ್ತೆಸ್ ಲೆಕ್ಕ ಕೊಡುತ್ತಾನೆ. ಆಜ್ಟೆಕರು ಸುಮ್ಮನಿರಲಿಲ್ಲ. ಕಟ್ಟುತ್ತಿದ್ದ ಹಡಗುಗಳಿಗೆ ಬೆಂಕಿಯಿಡಲು ಮೂರು ಸಲ ಬಂದರು. ಕೈಗೂಡಲಿಲ್ಲ. 1521ರ ಏಪ್ರಿಲ್ 28ರಂದು ಪೂಜೆ, ತೋಪಿನ ಸದ್ದು, ಕಹಳೆಗಳೊಂದಿಗೆ ಹಡಗುಗಳು ನೀರಿಗಿಳಿದವು.

ಒಂದೊಂದೂ 40 ಅಡಿಗೂ ಮಿಕ್ಕಿದ ಉದ್ದ. ಆಳವಿಲ್ಲದ ಸರೋವರಕ್ಕೆಂದು ತಳ ಚಪ್ಪಟೆ. ಮೂತಿಗೆ ಒಂದು ತೋಪು. ಒಂದರಲ್ಲಿ 25 ಜನ: ಹುಟ್ಟು ಹಾಕುವವರು 12, ಅಡ್ಡಬಿಲ್ಲು ಮತ್ತು ಕೋವಿಯವರು 12, ಒಬ್ಬ ನಾಯಕ. ಇಲ್ಲೊಂದು ತಮಾಷೆ. ಹುಟ್ಟು ಹಾಕಲು ಜನ ಸಿಗಲಿಲ್ಲ. ತಾವು ಕುಲೀನರು, ಅಂಬಿಗರ ಕೆಲಸ ಮಾಡುವವರಲ್ಲ ಎಂದು ಸೈನಿಕರು ಮೂಗು ಮುರಿದರು. ಆಗ ಕೊರ್ತೆಸ್ ಯಾರು ಯಾರು ಮೀನು ಹಿಡಿಯಲು ಹೋಗುತ್ತಿದ್ದರು, ಯಾರು ಸ್ಪೇನಿನ ಬಂದರು ಊರುಗಳಲ್ಲಿ ಹುಟ್ಟಿದವರು ಎಂದು ವಿಚಾರಿಸಿ, ಅಂಥವರನ್ನೆಲ್ಲ ಬಲವಂತವಾಗಿ ಹಡಗಿಗೆ ಹತ್ತಿಸಿದ. ಮುದಿವಯಸ್ಸಿನಲ್ಲಿ ಈ ಯುದ್ಧದ ನೆನಪುಗಳನ್ನು ಬರೆದ ಸೈನಿಕ ಬೆರ್ನಾಲ್ ದಿಯಾಸ್ ಇದನ್ನು ಹೇಳುತ್ತಾನೆ. 80 ಕಿಲೋಮೀಟರ್ ಹಲಗೆ ಹೊತ್ತವರು ಮರ್ಯಾದೆಯ ಪ್ರಶ್ನೆ ಎತ್ತಿದ್ದು ಮುಂಚೂಣಿಯ ಜಾಗಕ್ಕೆ ಮಾತ್ರ. ಹುಟ್ಟು ಹಿಡಿಯಬೇಕಾದವರಿಗೆ ಹುಟ್ಟೇ ಅವಮಾನವಾಯಿತು.

ಸೈನ್ಯದ ಎಣಿಕೆಯಾದಾಗ ಸ್ಪೇನಿನವರು ಸುಮಾರು 900. ಸ್ಥಳೀಯ ಮಿತ್ರರು ಹತ್ತಾರು ಸಾವಿರ. ಮೇ ತಿಂಗಳ ಕೊನೆಗೆ ಮುತ್ತಿಗೆ ಆರಂಭವಾಯಿತು. ಮೊದಲು ಚಪುಲ್ತೆಪೆಕ್‌ನ ಮೇಲ್ಗಾಲುವೆ ಒಡೆದು ಊರಿಗೆ ಸಿಹಿನೀರು ನಿಲ್ಲಿಸಿದರು. ಹಡಗುಗಳ ಜೊತೆ ಕೊರ್ತೆಸ್ ತಾನೇ ಹೋದ. ಸರೋವರದ ನಡುವಿನ ಒಂದು ಗುಡ್ಡದಿಂದ ಹೊಗೆಯ ಸಂಕೇತ ಎದ್ದಿತು. 500ಕ್ಕೂ ಹೆಚ್ಚು ದೋಣಿಗಳು ಎದುರಾಗಿ ಬಂದು, ಸ್ವಲ್ಪ ದೂರದಲ್ಲಿ ನಿಂತವು. ಎರಡೂ ಕಡೆ ಮೌನ. ಅಷ್ಟರಲ್ಲಿ ದಡದ ಕಡೆಯಿಂದ ಗಾಳಿ ಬೀಸಿತು. ಹಾಯಿಗಳು ಉಬ್ಬಿದವು. ಹಡಗುಗಳು ದೋಣಿಗಳ ನಡುವೆ ನುಗ್ಗಿ, ಸಿಕ್ಕಿದ್ದನ್ನೆಲ್ಲ ಒಡೆದು ಮುಳುಗಿಸಿ, ಉಳಿದವನ್ನು ಊರಿನ ಗೋಡೆಗಳವರೆಗೆ ಅಟ್ಟಿಕೊಂಡು ಹೋದವು. ಗಾಳಿಯನ್ನು ದೇವರು ಕಳಿಸಿದ ಎಂದು ಕೊರ್ತೆಸ್ ಬರೆದ. ಹಾಯಿಯನ್ನು ಯಾರು ಹೊತ್ತು ತಂದರೆಂಬುದು ಮೇಲೆಯೇ ಬಂದಿದೆ.

ಆ ದಿನದಿಂದ ನೀರಿನ ಅರ್ಥವೇ ಬದಲಾಯಿತು. ದಕ್ಷಿಣದ ಏರಿಯನ್ನು ಒಂದೆಡೆ ಕಡಿದು ಕೆಲವು ಹಡಗುಗಳನ್ನು ಆಚೆ ಬದಿಗೂ ದಾಟಿಸಿದರು. ಏರಿಯ ಮೇಲೆ ಕಾಲಾಳುಗಳು ಮುನ್ನಡೆಯುವಾಗ ಎರಡೂ ಪಕ್ಕಕ್ಕೆ ಹಡಗುಗಳ ಕಾವಲು. ಹಿಂದಿನ ವರ್ಷ ದೋಣಿಗಳು ಮುಕುರಿದ ಜಾಗದಲ್ಲೀಗ ದೋಣಿ ಸುಳಿಯುವಂತಿರಲಿಲ್ಲ. ರಾತ್ರಿ ಹೊತ್ತು ಹಡಗುಗಳು ಜೋಡಿಯಾಗಿ ಗಸ್ತು ತಿರುಗಿ, ಜೋಳ ನೀರು ತರುವ ದೋಣಿಗಳನ್ನು ಹಿಡಿಯತೊಡಗಿದವು. ಊರನ್ನು ಶತಮಾನದಿಂದ ಕಾಪಾಡಿದ್ದ ನೀರೇ ಈಗ ಊರಿನ ಸೆರೆಮನೆಯ ಗೋಡೆಯಾಯಿತು.

ಹಾಗೆಂದು ಆಜ್ಟೆಕರು ಕೈಕಟ್ಟಿ ಕೂರಲಿಲ್ಲ. ತೋಪಿನ ಗುಂಡು ನೇರವಾಗಿ ಬರುತ್ತದೆಂದು ಕಂಡುಕೊಂಡು ಓರೆಕೋರೆಯಾಗಿ ಸರಿಯುವುದನ್ನು ಕಲಿತರು. ನೀರಿನೊಳಗೆ ಕಾಣದಂತೆ ಗೂಟ ನೆಟ್ಟರು. ಒಂದು ರಾತ್ರಿ 30 ದೊಡ್ಡ ದೋಣಿಗಳನ್ನು ಜೊಂಡಿನೊಳಗೆ ಅಡಗಿಸಿ, ಊರಿಗೆ ಸಾಮಾನು ಸಾಗಿಸುವಂತೆ ನಟಿಸುವ ಒಂದೆರಡು ದೋಣಿಗಳನ್ನು ಮುಂದೆ ಬಿಟ್ಟರು. ಬೆನ್ನಟ್ಟಿದ ಎರಡು ಬ್ರಿಗಂಟೀನ್‌ಗಳು ಗೂಟಗಳಿಗೆ ಸಿಕ್ಕಿಬಿದ್ದವು. ಅಲ್ಲಿ ಗಾಯಗೊಂಡು ಸತ್ತವರಲ್ಲಿ ಪೆದ್ರೊ ಬಾರ್ಬಾ ಒಬ್ಬ. ಅವನ ಹಣೆಬರಹ ವಿಚಿತ್ರ. ನಾರ್ವಾಯೆಸ್ ಗೆದ್ದಿರಬಹುದೆಂದು ನಂಬಿದ್ದ ವೆಲಾಸ್ಕೆಸ್, ಅವನಿಗೆ ಕಾಗದ ತಲುಪಿಸಲು ಒಂದು ಹಡಗಿನಲ್ಲಿ ಬಾರ್ಬಾನನ್ನು ಕಳಿಸಿದ್ದ. ವೆರಾಕ್ರೂಸಿನಲ್ಲಿ ಕೊರ್ತೆಸನ ಜನ ಅವನನ್ನು ಉಪಾಯದಿಂದ ಇಳಿಸಿಕೊಂಡರು. ಬಂದವನು ಪಕ್ಷ ಬದಲಿಸಿದ. ಕಾಗದ ಹೊತ್ತು ಸಾಗರದಲ್ಲಿ ಬಂದವನು ಸರೋವರದಲ್ಲಿ ಸತ್ತ. ಜೂನ್ 30ರಂದು ಆಜ್ಟೆಕರು ಏರಿಯ ಮೇಲೆ ಇನ್ನೊಂದು ಪೆಟ್ಟು ಕೊಟ್ಟು 50ಕ್ಕೂ ಹೆಚ್ಚು ಸ್ಪೇನಿನವರನ್ನು ಜೀವಂತ ಹಿಡಿದು ದೇವಾಲಯದಲ್ಲಿ ಬಲಿಕೊಟ್ಟರು. ಮಿತ್ರಸೈನ್ಯದಲ್ಲಿ ಹಲವರು ಆಗ ಊರಿಗೆ ಮರಳಿಬಿಟ್ಟರು. ಅವರು ಮತ್ತೆ ಬರುವವರೆಗೆ ಮುತ್ತಿಗೆ ಮುಂದುವರಿದದ್ದು ಬಹುಪಾಲು ಹಡಗುಗಳ ಬಲದಿಂದ.

ಒಳಗೆ ಹಸಿವು. ಊರಿನವರಿಂದಲೇ ಕೇಳಿ ಫ್ರಾನ್ಸಿಸ್ಕನ್ ಪಾದ್ರಿ ಬೆರ್ನಾರ್ದಿನೊ ಸಾಹಾಗೂನ್ ನವಾತ್ಲ್ ಭಾಷೆಯಲ್ಲೇ ಬರೆಸಿದ ಗ್ರಂಥದಲ್ಲಿ ಆ ದಿನಗಳ ವಿವರವಿದೆ. ಹಲ್ಲಿ ತಿಂದರು, ಜೊಂಡು ತಿಂದರು, ಚರ್ಮ ಬೇಯಿಸಿ ತಿಂದರು, ಮಣ್ಣಿನ ಇಟ್ಟಿಗೆಯನ್ನೂ ಅಗಿದರು. ಉಪ್ಪುನೀರು ಕುಡಿದು ಮಕ್ಕಳು ಸತ್ತರು. ಆದರೂ ಯುವಕ ಅರಸ ಕುವಾಹ್ತೆಮೊಕ್ ಸಂಧಿಗೆ ಒಪ್ಪಲಿಲ್ಲ.

75ನೆಯ ದಿನ, 1521ರ ಆಗಸ್ಟ್ 13ರಂದು, ದೋಣಿಗಳ ಒಂದು ಗುಂಪು ಊರಿನಿಂದ ಹೊರಬಿತ್ತು. ಗಾರ್ಸಿಯಾ ಓಲ್ಗಿನ್ ನಾಯಕನಾಗಿದ್ದ ವೇಗದ ಬ್ರಿಗಂಟೀನ್ ಅವುಗಳಲ್ಲಿ ಚೆಂದದ ಒಂದನ್ನು ಗುರುತಿಸಿ ಬೆನ್ನಟ್ಟಿತು. ಬಿಲ್ಲುಗಾರರು ಗುರಿಯಿಟ್ಟಾಗ ದೋಣಿಯಿಂದ ಕೈಸನ್ನೆಯಾಯಿತು: ಹೊಡೆಯಬೇಡಿ, ಅರಸ ಇದ್ದಾನೆ. ಕುವಾಹ್ತೆಮೊಕ್‌ನನ್ನು ಕೊರ್ತೆಸನ ಮುಂದೆ ತಂದು ನಿಲ್ಲಿಸಿದಾಗ, ಆತ ಕೊರ್ತೆಸನ ಸೊಂಟದ ಕಠಾರಿ ಮುಟ್ಟಿ ಇದರಿಂದ ತನ್ನನ್ನು ಇರಿದುಬಿಡು ಎಂದ. ಇತ್ತ, ಅರಸನನ್ನು ಹಿಡಿದ ಕೀರ್ತಿ ತನಗೆ ಸೇರಬೇಕೆಂದು ಓಲ್ಗಿನ್, ಹಡಗುಗಳ ಮೇಲಧಿಕಾರಿ ತಾನಾದ್ದರಿಂದ ತನಗೇ ಎಂದು ಸಾಂದೊವಾಲ್, ಇಬ್ಬರಿಗೂ ಜಗಳ ಹತ್ತಿತ್ತು.

ಕೀರ್ತಿಯ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಹಡಗು ಕಟ್ಟಿದ ಮಾರ್ತಿನ್ ಲೋಪೆಸ್ ತನ್ನ ಕೂಲಿ ಬರಲಿಲ್ಲವೆಂದು ಕೊರ್ತೆಸನ ಮೇಲೆಯೇ ದಾವೆ ಹೂಡಿ, ಸಾಕ್ಷಿಗಳನ್ನು ಕರೆಸಿ, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ. ಹಡಗುಗಳ ಬಗ್ಗೆ ಇಷ್ಟೊಂದು ವಿವರ ಉಳಿದಿರುವುದಕ್ಕೆ ಆ ವ್ಯಾಜ್ಯದ ಕಾಗದಗಳೂ ಒಂದು ಕಾರಣ. ಅಮೆರಿಕದ ಇತಿಹಾಸಕಾರ ಹಾರ್ವೆ ಗಾರ್ಡಿನರ್ ಈ ನೌಕಾಬಲದ ಮೇಲೆ 1956ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತ್ಲಾಸ್ಕಾಲಾದವರು ಚಿತ್ರಪಟಗಳಲ್ಲಿ ತಮ್ಮನ್ನು ವಿಜಯಿಗಳ ಸಾಲಿನಲ್ಲೇ ಬರೆದುಕೊಂಡು, ತಮ್ಮ ಹಕ್ಕುಗಳಿಗಾಗಿ ಸ್ಪೇನಿನ ದೊರೆಗೆ ಮತ್ತೆ ಮತ್ತೆ ಅರ್ಜಿ ಹಾಕಿದರು. ಕೆಲವು ವಿನಾಯಿತಿ ಸಿಕ್ಕವು, ರಾಜ್ಯ ಮಾತ್ರ ಉಳಿಯಲಿಲ್ಲ. ಆ 8 ಸಾವಿರ ಹೊರೆಯಾಳುಗಳಲ್ಲಿ ಒಬ್ಬನ ಹೆಸರೂ ಈ ಯಾವ ಕಾಗದದಲ್ಲೂ ಕಥೆಯ ಮುಂಚೂಣಿಗೆ ಬರಲಿಲ್ಲ.

ಹಡಗುಗಳ ಗತಿ? ಗೆದ್ದ ಮೇಲೂ ಕೊರ್ತೆಸನಿಗೆ ಧೈರ್ಯವಿರಲಿಲ್ಲ. ಮತ್ತೆ ದಂಗೆಯಾದರೆ ಬೇಕೆಂದು ಸರೋವರದ ಅಂಚಿನಲ್ಲಿ ಗೋಪುರಗಳಿದ್ದ ಕೋಟೆ ಕಟ್ಟಿಸಿ ಬ್ರಿಗಂಟೀನ್‌ಗಳನ್ನು ಅದರೊಳಗೆ ಇರಿಸಿದ. ಮತ್ತೆ ಅವು ಬೇಕಾಗಲಿಲ್ಲ. ಹೊಸ ನಗರ ಪದೇಪದೇ ನೆರೆಗೆ ಸಿಕ್ಕಿದ್ದರಿಂದ 1607ರಲ್ಲಿ ಸರೋವರದ ನೀರನ್ನು ಬೆಟ್ಟ ಕೊರೆದು ಹೊರಬಿಡುವ ಕೆಲಸ ಶುರುವಾಯಿತು. ಮುಂದಿನ ಶತಮಾನಗಳಲ್ಲಿ ಸರೋವರ ಬಹುಮಟ್ಟಿಗೆ ಬತ್ತಿತು. ಒಂದು ಕಾಲಕ್ಕೆ ದೋಣಿಗಳೂ ಬ್ರಿಗಂಟೀನ್‌ಗಳೂ ಓಡಾಡಿದ ಆ ಸರೋವರದ ಪಾತ್ರದಲ್ಲಿ ಇಂದು ಮೆಕ್ಸಿಕೋ ನಗರದ ಬೀದಿಗಳಿವೆ, ವಿಮಾನ ನಿಲ್ದಾಣವಿದೆ. ಕೆಳಗಿನ ಜೌಗುಮಣ್ಣು ಒಣಗಿ ಕುಗ್ಗುತ್ತಿರುವುದರಿಂದ ನಗರ ವರ್ಷವರ್ಷಕ್ಕೂ ಕುಸಿಯುತ್ತಿದೆ.